ಹತ್ತೊಂಬತ್ತು ಮೀಟರ್

ಜೂನ್ ೧೭

ನಕ್ಷೆ ಇವತ್ತು ಪಾಸಾಯಿತು. ಹದಿನಾಲ್ಕು ತಿಂಗಳ ಕೆಲಸ.

ಯೋಜನಾ ಕಚೇರಿಯ ದೊಡ್ಡ ಪರದೆಯ ಮೇಲೆ ನಮ್ಮ ಹನ್ನೊಂದು ಹಳ್ಳಿಗಳು ಪದರ ಪದರವಾಗಿ ಮೂಡಿದವು. ಮೊದಲು ಉಪಗ್ರಹ ಚಿತ್ರ, ಅದರ ಮೇಲೆ ನೂರು ವರ್ಷ ಹಳೆಯ ಗ್ರಾಮ ನಕಾಶೆ, ಆಮೇಲೆ ಕೆರೆ, ರಸ್ತೆ, ಗೋದಾಮು, ಮನೆ, ಬಸ್ ಸ್ಟಾಪು. ಎಲ್ಲಕ್ಕಿಂತ ಮೇಲೆ ನನ್ನ ನೀಲಿ ಗೆರೆಗಳು, ಅಂದರೆ ಮುಚ್ಚಿಹೋದ ರಾಜಕಾಲುವೆಗಳು. ಅವನ್ನು ಬಿಡಿಸಿ ನಾಲ್ಕು ಕೆರೆಗಳನ್ನು ಮತ್ತೆ ಜೋಡಿಸಿದರೆ ಮಾದನಾಯಕನಹಳ್ಳಿ ಕಡೆ ಹೆದ್ದಾರಿ ಮುಳುಗುವುದು ನಿಲ್ಲುತ್ತದೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬರುತ್ತದೆ. ಕಾಲುವೆಯ ಎರಡೂ ದಡದಲ್ಲಿ ಮರ, ನಡೆದು ಹೋಗುವ ದಾರಿ, ನೀರಿನ ಮಟ್ಟ ಹೇಳುವ ಸೆನ್ಸಾರು. ಸ್ಮಾರ್ಟ್ ಸಿಟಿ ಅಂದರೆ ಬಣ್ಣದ ದೀಪದ ಕಂಬ ಅಂದುಕೊಂಡಿರುವವರಿಗೆ ಇದನ್ನು ತೋರಿಸಬೇಕು.

ಹಿರಿಯ ಅಧಿಕಾರಿ "ಯಾರು ಮಾಡಿದ್ದು ಇದು?" ಎಂದು ಕೇಳಿದರು. ನಮ್ಮ ತಂಡದ ಮುಖ್ಯಸ್ಥ ನಂದೀಶ್ ಸರ್ ನನ್ನ ಕಡೆ ಕೈ ತೋರಿಸಿದರು. ಪೀಣ್ಯದ ನಮ್ಮ ಆಫೀಸಿನಲ್ಲಿ ಅವರು ಯಾರನ್ನೂ ಹಾಗೆ ಮುಂದೆ ಮಾಡಿದ್ದು ನಾನು ನೋಡಿಲ್ಲ.

ಹನ್ನೊಂದು ಹಳ್ಳಿಗಳಲ್ಲಿ ಒಂದು ನನ್ನದೇ ಊರು, ಹೊಂಗೆಪಾಳ್ಯ. ಅಲ್ಲಿನ ಕಾಲುವೆ ನಾನು ಹುಟ್ಟಿ ನಾಲ್ಕೈದು ವರ್ಷಕ್ಕೆಲ್ಲ ಮುಚ್ಚಿಹೋಗಿತ್ತಂತೆ. ಅಪ್ಪನ ಜಾಗ ಪಡುವಣಕ್ಕೆ, ತೀರಿಹೋದ ಚಿಕ್ಕಪ್ಪನ ಜಾಗ ಮೂಡಣಕ್ಕೆ. ಇಬ್ಬರೂ ಬೇಸಾಯ ಬಿಟ್ಟ ಮೇಲೆ ಬಾಡಿಗೆಗೆ ಸಾಲು ರೂಮು ಕಟ್ಟಿದರು. ಅಪ್ಪನದು ಹದಿನಾಲ್ಕು, ರಾಮಕ್ಕ ಚಿಕ್ಕಮ್ಮನದು ಒಂಬತ್ತು. ನೀಲಿ ಗೆರೆ ಚಿಕ್ಕಮ್ಮನ ಒಂಬತ್ತು ರೂಮುಗಳ ಮೇಲೆ ಬಿದ್ದಿದೆ.

ಸಂಕಟವೇ. ಆದರೆ ಗೆರೆ ಎಳೆದದ್ದು ನಾನಲ್ಲ, ನಕಾಶೆ. ನಾನು ಅದನ್ನು ಸರಿಯಾದ ಜಾಗದಲ್ಲಿ ಕೂರಿಸಿದೆ, ಅಷ್ಟೆ. ಅಪ್ಪನಿಗೆ ಹೇಳಿದಾಗ, "ಕಂಪ್ಯೂಟ್ರು ಏಳಿದ್ ಮ್ಯಾಕೆ ಮುಗೀತಲ್ಲ ಬುಡು" ಎಂದ.

ಜುಲೈ ೩

ಚಿಕ್ಕಮ್ಮ ತೆರವಿನ ನೋಟಿಸು ಹಿಡಿದುಕೊಂಡು ಮನೆಗೆ ಬಂದಿದ್ದಳು. ಅಪ್ಪ ಇರಲಿಲ್ಲ. ಅಮ್ಮ ಕಾಫಿ ಕೊಟ್ಟರೆ ಮುಟ್ಟಲಿಲ್ಲ.

"ವನಜಾ, ಕಾಲುವೆ ನಮ್ ಕಡೀಕ್ ಇರ್ನಿಲ್ಲ ಕಣವ್ವ. ನಾನು ಈ ಮನೇಗ್ ಬಂದಾಗ ಅದ್ರಾಗೇ ಬಟ್ಟೆ ಒಗೀತಿದ್ದೆ. ನಿಮ್ಮಪ್ಪನ ಜಾಗದಾಗಿತ್ತು."

"ಚಿಕ್ಕಮ್ಮ, ನಲವತ್ತು ವರ್ಷದ ಮಾತು. ಆವಾಗ ಬೇಲಿ ಎಲ್ಲಿತ್ತು, ಮರ ಎಲ್ಲಿತ್ತು ಅಂತ ನಿನಗೆ ಹೇಗೆ ಗೊತ್ತಾಗತ್ತೆ? ಎಲ್ಲಾ ಬದಲಾಗಿದೆ."

"ಬಟ್ಟೆ ಒಗ್ದಿರೋ ಜಾಗ ಮರ್ತೋಯ್ತದಾ?"

ಅವಳಿಗೆ ಲ್ಯಾಪ್‌ಟಾಪ್ ತೆಗೆದು ತೋರಿಸಿದೆ. ಪರದೆಯನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎದ್ದು ಹೋದಳು.

ಜನರ ನೆನಪು ದತ್ತಾಂಶವಲ್ಲ. ಹೊಸದಾಗಿ ಸೇರಿದವರಿಗೆ ನಾನೇ ಇದನ್ನು ಹೇಳಿಕೊಡುತ್ತೇನೆ. ಆದರೂ ಅವಳು ನೋಡಿದ ರೀತಿ ಮನಸ್ಸಿನಿಂದ ಹೋಗುತ್ತಿಲ್ಲ.

ಜುಲೈ ೨೪

ಒಂಬತ್ತು ರೂಮು ಇವತ್ತು ಒಡೆದರು. ಹತ್ತು ಗಂಟೆಗೆ ಶುರುವಾಗಿ ಊಟದ ಹೊತ್ತಿಗೆ ಮುಗಿದಿತ್ತು. ಚಿಕ್ಕಮ್ಮ ಇರುವ ಮನೆ ಗೆರೆಯಿಂದ ಆಚೆಗಿದೆ, ಅದು ಉಳಿಯಿತು. ಅವಳು ಹೊರಗೆ ಬರಲಿಲ್ಲ.

ಬಾಡಿಗೆಯವರು ಪಾತ್ರೆ, ಗ್ಯಾಸು, ಚಾಪೆ ಎಲ್ಲ ರಸ್ತೆಗೆ ತಂದಿಟ್ಟುಕೊಂಡಿದ್ದರು. ಹೆಚ್ಚಿನವರು ಯಾದಗಿರಿ ಕಡೆಯವರು, ಗೋದಾಮಿನಲ್ಲಿ ಲೋಡಿಂಗಿಗೋ ಕಟ್ಟಡದ ಕೆಲಸಕ್ಕೋ ಹೋಗುವವರು. ಒಬ್ಬ ಹೆಂಗಸು, ಬಸಕ್ಕ ಅಂತ, ಬಸುರಿ ಸೊಸೆಯನ್ನು ನೆರಳಿಗೆ ಕೂರಿಸಿ ಬಾಗಿಲ ಚೌಕಟ್ಟನ್ನು ಬಿಚ್ಚಿಕೊಡಿ ಎಂದು ಜೆಸಿಬಿಯವನನ್ನು ಕೇಳುತ್ತಿದ್ದಳು. ಚೌಕಟ್ಟು ಅವರದಲ್ಲ, ಚಿಕ್ಕಮ್ಮನದು. ಹಾಗೆ ಹೇಳಿದಾಗ "ಅದಕ್ಕಾ ರೀ, ಅವರಿಗೇ ಕೊಡಾಕ" ಎಂದಳು.

ಅಪ್ಪ ಬಂದು ನಮ್ಮಲ್ಲಿ ಖಾಲಿ ಇದ್ದ ಐದು ರೂಮುಗಳನ್ನು ಅವರಿಗೆ ತೆಗೆಸಿಕೊಟ್ಟ. ಒಂದು ರೂಮಿಗೆ ಎರಡು ಸಂಸಾರ ಆದರೂ ಸರಿ, ಸಂಜೆಯೊಳಗೆ ಎಲ್ಲರಿಗೂ ಒಂದು ಸೂರು ಆಯಿತು. ಅಪ್ಪನಿಗೆ ಅಷ್ಟು ಕರುಣೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಒಡೆದ ಜಾಗಕ್ಕೂ ನಮ್ಮ ರೂಮಿಗೂ ನಲವತ್ತು ಹೆಜ್ಜೆ ಇಲ್ಲ. ತೆರವು ಇಷ್ಟು ಸುಸೂತ್ರವಾಗಿ ಆದದ್ದು ಹನ್ನೊಂದು ಹಳ್ಳಿಗಳಲ್ಲಿ ಇಲ್ಲಿ ಮಾತ್ರ ಎಂದು ನಂದೀಶ್ ಸರ್ ಫೋನಿನಲ್ಲಿ ಹೇಳಿದರು.

ಆಗಸ್ಟ್ ೧೯

ಇವತ್ತಿನದನ್ನು ಬರೆದಿಡಬೇಕು.

ಮೇಲಿನ ಕೆರೆಯಿಂದ ತೋಡುತ್ತ ಬಂದ ಕಾಲುವೆ ಇವತ್ತು ಚಿಕ್ಕಮ್ಮನ ಜಾಗಕ್ಕೆ ಮುಟ್ಟಿತು. ನಾನು ಪರಿಶೀಲನೆಗೆ ಹೋಗಿದ್ದೆ. ಮುಚ್ಚಿದ ಕಾಲುವೆಯನ್ನು ತೋಡಿದರೆ ಏನು ಬರಬೇಕೆಂದು ಎಲ್ಲರಿಗೂ ಗೊತ್ತು: ತುಂಬಿದ ಕಸ, ಅದರ ಕೆಳಗೆ ಕಪ್ಪು ಹೂಳು, ಮರಳು. ಬೇರೆ ಹಳ್ಳಿಗಳಲ್ಲಿ ಹಾಗೇ ಬಂದಿದೆ. ಇಲ್ಲಿ ಎರಡು ಅಡಿಗೆ ಕೆಂಪುಮಣ್ಣು, ಐದು ಅಡಿಗೂ ಕೆಂಪುಮಣ್ಣು, ಎಂಟು ಅಡಿಗೆ ಗಟ್ಟಿ ಕಲ್ಲು. ಜೆಸಿಬಿಯ ಹಲ್ಲು ಕಿರ್ರೆಂದಿತು.

ಜೆಸಿಬಿ ಓಡಿಸುವ ಮುತ್ತಣ್ಣ ಇಳಿದು ಬಂದು ಒಂದು ಹೆಂಟೆ ಎತ್ತಿ ನನ್ನ ಕೈಗೇ ಕೊಟ್ಟ.

"ಮೇಡಂ, ಇಪ್ಪತ್ತು ವರ್ಷದಿಂದ ಮಣ್ಣು ತೋಡ್ತಾ ಇದೀನಿ. ಈ ಮಣ್ಣು ನೀರನ್ನೇ ನೋಡಿಲ್ಲ."

"ಇನ್ನೂ ಸ್ವಲ್ಪ ತೋಡಿ ನೋಡಿ."

"ಕಲ್ಲು ಬಂತಲ್ಲ ಮೇಡಂ. ದೇವ್ರು ಇಟ್ಟ ಕಲ್ಲಿದು. ಇಲ್ಲಿ ಯಾವತ್ತೂ ಕಾಲುವೆ ಇರ್ಲಿಲ್ಲ."

ಹೆಂಟೆ ಒಣಗಿತ್ತು. ಅಂಗೈ ಮೇಲೆ ಪುಡಿಯಾಯಿತು. ಒಡೆದ ರೂಮುಗಳ ಅಡಿಪಾಯದ ಕಲ್ಲುಗಳು ಪಕ್ಕದಲ್ಲೇ ರಾಶಿ ಬಿದ್ದಿದ್ದವು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನಾದರೂ ಕೂಗಿ ಬೈದಿದ್ದರೆ ಚೆನ್ನಾಗಿತ್ತು.

ಆಗಸ್ಟ್ ೨೧

ಎರಡು ದಿನದಿಂದ ಒಂದೇ ಕೆಲಸ. ಸಿಕ್ಕಿತು.

ಹಳೆಯ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕಾದರೆ ಎರಡರಲ್ಲೂ ಇರುವ ಕೆಲವು ಗುರುತುಗಳು ಬೇಕು. ಅವುಗಳ ಮೇಲೆ ಮೊಳೆ ಹೊಡೆದ ಹಾಗೆ ನಕಾಶೆ ಕೂರುತ್ತದೆ. ಹೊಂಗೆಪಾಳ್ಯದಲ್ಲಿ ಹಳೆಯ ಗಡಿಕಲ್ಲುಗಳೆಲ್ಲ ರಸ್ತೆಗೆ, ಗೋದಾಮಿಗೆ ಹೋಗಿವೆ. ಸಿಕ್ಕಿದ್ದು ಮೂರೇ: ಗುಡಿಯ ಮೂಲೆ, ಕೆರೆ ಏರಿಯ ತೂಬು, ಮತ್ತು ನೀಲಗಿರಿ ತೋಪಿನ ಪಕ್ಕ ಮೂರು ಊರು ಕೂಡುವ ಕಲ್ಲು. ಮೂರೇ ಗುರುತು ಇದ್ದಾಗ ಕಂಪ್ಯೂಟರಿಗೆ ಅನುಮಾನ ಪಡಲು ದಾರಿಯಿಲ್ಲ. ಒಂದು ಗುರುತು ಸುಳ್ಳಾದರೂ ನಕಾಶೆಯನ್ನು ಎಳೆದು ಕೂರಿಸಿ, ದೋಷ ಸೊನ್ನೆ ಎನ್ನುತ್ತದೆ. ಇದು ನನಗೆ ಗೊತ್ತಿತ್ತು. ನಾಲ್ಕನೆಯದು ಬೇಕು ಎಂದು ಆಗ ನಾನೇ ಬರೆದಿದ್ದೆ. ಸಮಯವಿಲ್ಲವೆಂದು ನಾನೇ ಬಿಟ್ಟೆ.

ನಿನ್ನೆ ನಾಲ್ಕನೆಯದನ್ನು ಹುಡುಕಿದೆ. ಪಕ್ಕದೂರಿನ ಗಡಿಯಲ್ಲಿ ಕಲ್ಲು ಕಟ್ಟಿದ ಹಾಳು ಬಾವಿ. ನಕಾಶೆಯಲ್ಲಿ ಇದೆ, ನೆಲದಲ್ಲೂ ಇದೆ. ನನ್ನ ನಕ್ಷೆಯಲ್ಲಿ ಬಾವಿ ಮೂಡಣಕ್ಕೆ ಹತ್ತೊಂಬತ್ತು ಮೀಟರ್ ಆಚೆ, ಯಾರದೋ ಟೆರೇಸಿನ ಮೇಲೆ ಕೂತಿದೆ.

ಮೂರು ಊರು ಕೂಡುವ ಕಲ್ಲನ್ನು ಬಿಟ್ಟು ಬಾವಿಯನ್ನು ಹಾಕಿ ಮತ್ತೆ ಕೂರಿಸಿದೆ. ನೀಲಿ ಗೆರೆ ಚಿಕ್ಕಮ್ಮನ ಜಾಗದಿಂದ ಎದ್ದು ಪಡುವಣಕ್ಕೆ ಸರಿದು ನಮ್ಮ ಹದಿನಾಲ್ಕು ರೂಮುಗಳ ನಡುವೆ ಬಿತ್ತು. ಏಳನೆಯ ಮತ್ತು ಎಂಟನೆಯ ರೂಮು.

ಊಟದ ಹೊತ್ತು ಮೀರಿದರೂ ಪರದೆಯನ್ನೇ ನೋಡುತ್ತ ಕೂತಿದ್ದೆ. ಪಕ್ಕದ ಮೇಜಿನ ಪದ್ಮಾವತಿ "ಯಾಕೆ, ಹುಷಾರಿಲ್ವಾ?" ಎಂದು ಕೇಳಿದಳು. ತಲೆನೋವು ಎಂದೆ.

ಆಗಸ್ಟ್ ೨೫

ನಂದೀಶ್ ಸರ್‌ಗೆ ತೋರಿಸಿದೆ. ಬಾಗಿಲು ಹಾಕಿಕೊಂಡು ಬಂದು ಎರಡು ಸಲ ನೋಡಿದರು.

"ದೋಷ ಸೊನ್ನೆ ಅಂತ ರಿಪೋರ್ಟಲ್ಲಿ ಇದೆಯಲ್ಲ."

"ಮೂರೇ ಗುರುತು ಇದ್ದದ್ದಕ್ಕೆ ಸೊನ್ನೆ ಬಂತು ಸರ್. ನನ್ನ ತಪ್ಪು."

"ನಿಮ್ಮ ತಪ್ಪು ಅಂತ ಯಾರು ಕೇಳಿದ್ರು ಈಗ? ಒಡೆದಾಯ್ತು. ತೋಡಿದ್ದಾಯ್ತು. ಕಲ್ಲು ಬಂದ್ರೆ ಕಲ್ಲು ಒಡೀತಾರೆ, ನೀರಿಗೆ ಯಾವ ದಾರಿ ಆದ್ರೇನು?" ಆಮೇಲೆ ದನಿ ಇಳಿಸಿ, "ಹೊಸ ಗೆರೆ ಯಾರ ಜಾಗದಲ್ಲಿ ಬೀಳತ್ತೆ ಅಂತ ನೋಡಿದ್ರಲ್ಲ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು" ಎಂದರು.

ನೀರಿಗೆ ಯಾವ ದಾರಿಯಾದರೂ ಒಂದೇ ಅಲ್ಲ. ನೆಲ ಇಳಿಜಾರಾಗಿರುವುದು ಪಡುವಣಕ್ಕೆ. ಅದನ್ನು ಹೇಳದೆ ಬಂದೆ.

ಆಗಸ್ಟ್ ೩೧

ಭಾನುವಾರ. ಕಲ್ಲಿನ ಹತ್ತಿರ ಹೋಗಿದ್ದೆ. ಮೂರಡಿ ಎತ್ತರದ ಕಲ್ಲು, ನೆಟ್ಟಗೆ ನಿಂತಿದೆ. ಬುಡದ ಸುತ್ತ ಹಳೆಯ ಮಣ್ಣಿನ ಬಣ್ಣ ಮೊಣಕಾಲಿನ ತನಕ ಇದೆ, ಅಂದರೆ ಆ ಭಾಗ ಒಂದು ಕಾಲದಲ್ಲಿ ನೆಲದೊಳಗಿತ್ತು. ಪಡುವಣಕ್ಕೆ ಹೆಜ್ಜೆ ಅಳೆಯುತ್ತ ಹೋದೆ. ಕಾಂಗ್ರೆಸ್ ಗಿಡ ದಟ್ಟವಾಗಿ ಬೆಳೆದ ಒಂದು ತಗ್ಗು ಸಿಕ್ಕಿತು. ಸುತ್ತ ಬಿಳಿಚು ಮಣ್ಣು, ತಗ್ಗಿನೊಳಗೆ ಮಾತ್ರ ಕೆಂಪು.

ಯಾರೋ ಕಿತ್ತು ನೆಟ್ಟಿದ್ದಾರೆ.

ಅಪ್ಪನನ್ನು ಕೇಳಿದೆ. ಹಲ್ಲುಜ್ಜುತ್ತ ನಿಂತಿದ್ದವನು ಉಗುಳಿ, "ರೋಡ್‌ನೋರು ಜೆಸಿಬೀಲಿ ಗುದ್ದವ್ರೆ ಕಣವ್ವ, ಆಮ್ಯಾಕೆ ಎಲ್ಲೋ ಒಂದ್ ಕಡೆ ನೆಟ್ಟವ್ರೆ" ಎಂದ. ನನಗೆ ಎದೆ ಹಗುರವಾಯಿತು. ಹಾಗೇ ಆಗಿರಬೇಕು. ಕಂಟ್ರಾಕ್ಟರುಗಳು ಇಂಥದ್ದು ಮಾಡುವುದು ಹೊಸದಲ್ಲ.

ಸೆಪ್ಟೆಂಬರ್ ೪

ತಿದ್ದುಪಡಿಯ ಪತ್ರ ಬರೆದು ಮುಗಿಸಿದೆ. ಕಳಿಸಿಲ್ಲ.

ಸೆಪ್ಟೆಂಬರ್ ೧೧

ಕಳಿಸಿಲ್ಲ. ಏಳನೆಯ ರೂಮಿನಲ್ಲಿ ಬಸಕ್ಕನ ಸಂಸಾರ ಇದೆ. ಗಂಡ ಯಂಕಪ್ಪ, ಸೊಸೆ ಮಹಾದೇವಿ. ಮಗ ಬಸಲಿಂಗ ಟೈಲ್ಸ್ ಕೆಲಸಕ್ಕೆಂದು ಹೊಸೂರಿನ ಕಡೆ ಹೋಗಿದ್ದಾನೆ, ವಾರಕ್ಕೊಮ್ಮೆ ಬರುತ್ತಾನೆ. ಮಹಾದೇವಿಗೆ ಒಂಬತ್ತು ತಿಂಗಳು ತುಂಬಿದೆ. ಎಂಟನೆಯ ರೂಮಿನಲ್ಲಿ ಮುರಿಗೆಪ್ಪ ಮತ್ತು ಅವನ ತಮ್ಮಂದಿರು. ಪತ್ರ ಹೋದರೆ ಇವರನ್ನೇ ಮತ್ತೆ ಎಬ್ಬಿಸುತ್ತಾರೆ.

ಇವತ್ತು ಬಸಕ್ಕ ನಲ್ಲಿಯ ಹತ್ತಿರ ಸಿಕ್ಕಿ, "ಅಕ್ಕಾರ, ಈ ರೂಮಿನ ನೆಲಾ ಯಾವಾಗ ನೋಡಿದ್ರೂ ಹಸೀನ ಇರ್ತದ ರೀ. ಗೋಣಿಚೀಲ ಹಾಸಿದ್ರ ಮರುದಿನಾ ತೊಯ್ದಿರ್ತದ. ಆ ಕಡಿ ರೂಮಿನಾಗ ಹಂಗ ಇರಲಿಲ್ಲ" ಎಂದಳು.

ತಲೆಯಾಡಿಸಿ ಬಂದೆ.

ಸೆಪ್ಟೆಂಬರ್ ೨೦

ಮಧ್ಯಾಹ್ನ ಮೂರೂವರೆಗೆ ಮಳೆ ಹಿಡಿಯಿತು. ಶನಿವಾರವಾದ್ದರಿಂದ ನಾನು ಮನೆಯಲ್ಲಿದ್ದೆ. ಅರ್ಧ ಗಂಟೆಯಲ್ಲಿ ಎದುರಿನ ಗೋದಾಮು ಕಾಣದಷ್ಟು ಮಳೆ.

ಮೇಲಿನ ಕೆರೆ ತುಂಬಿ ನೀರು ಹೊಸ ಕಾಲುವೆಗೆ ನುಗ್ಗಿದೆ. ಆ ಕಾಲುವೆ ಚಿಕ್ಕಮ್ಮನ ಜಾಗದ ಕಲ್ಲಿಗೆ ಬಂದು ನಿಂತಿದೆಯಲ್ಲ, ಮುಂದೆ ದಾರಿಯಿಲ್ಲ. ನೀರು ಪಡುವಣಕ್ಕೆ ತಿರುಗಿತು. ನಾನು ಮಹಡಿಯಿಂದ ನೋಡುವ ಹೊತ್ತಿಗೆ ನಮ್ಮ ಸಾಲು ರೂಮುಗಳ ಅಂಗಳ ಕೆರೆಯಾಗಿತ್ತು. ಸುತ್ತ ಆಳೆತ್ತರದ ಕಾಂಪೌಂಡ್ ಗೋಡೆ. ಒಳಗೆ ಬಂದ ನೀರು ಹೊರಗೆ ಹೋಗುವ ಹಾಗಿಲ್ಲ.

ಇಳಿದು ಓಡಿದೆ. ಸೊಂಟದವರೆಗೆ ನೀರು. ಅದು ಬರೀ ಗೇಟಿನಿಂದ ಬರುತ್ತಿರಲಿಲ್ಲ, ರೂಮುಗಳ ನೆಲದಿಂದ ಉಕ್ಕುತ್ತಿತ್ತು. ಬಸಕ್ಕ ಏಳನೆಯ ರೂಮಿನ ಬಾಗಿಲನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದಳು. ಹೊರಕ್ಕೆ ತೆರೆಯುವ ಕಬ್ಬಿಣದ ಬಾಗಿಲು, ಅಂಗಳದ ನೀರು ಅದನ್ನು ಒತ್ತಿ ಹಿಡಿದಿತ್ತು.

"ಒಳಗ ಮಾದೇವಿ ಮಲಗ್ಯಾಳ ರೀ" ಎಂದಳು. ಅಷ್ಟೇ ಹೇಳಿದ್ದು. ಒಳಗಿನಿಂದ ಮಹಾದೇವಿ ಬಾಗಿಲು ಬಡಿಯುವ ಸದ್ದು ಕೇಳುತ್ತಿತ್ತು, ಆಮೇಲೆ ಅದೂ ನಿಧಾನವಾಯಿತು.

ನಾನು, ಬಸಕ್ಕ, ಮುರಿಗೆಪ್ಪ ಮೂವರೂ ಎಳೆದೆವು. ಬಾಗಿಲು ನಾಲ್ಕು ಬೆರಳು ಬಂದು ಮತ್ತೆ ಮುಚ್ಚಿಕೊಂಡಿತು.

ಆಗ ಅಪ್ಪ ಬಂದ. ಕೈಯಲ್ಲಿ ಹಾರೆ. ನಮ್ಮ ಕಡೆ ಬರಲಿಲ್ಲ. ನೀರಿನಲ್ಲಿ ಕಾಲೆಳೆಯುತ್ತ ನೇರವಾಗಿ ತೆಂಕಣದ ಗೋಡೆಗೆ ಹೋದ. ಗೋಡೆ ನೂರಡಿಗೂ ಹೆಚ್ಚು ಉದ್ದ ಇದೆ. ಎಲ್ಲೂ ನಿಲ್ಲಲಿಲ್ಲ, ತಡವರಿಸಲಿಲ್ಲ. ಏಳನೆಯ ಮತ್ತು ಎಂಟನೆಯ ರೂಮಿನ ನಡುವಿನ ಸಂದಿಗೆ ಸರಿಯಾಗಿ ಎದುರು ನಿಂತು ಗೋಡೆಯ ಬುಡಕ್ಕೆ ಹಾರೆ ಹಾಕಿದ. ಏಳೆಂಟು ಏಟು. ಇಟ್ಟಿಗೆ ಕಳಚಿತು. ಹಿಂದೆ ಮಣ್ಣು ಮುಚ್ಚಿದ ಕಲ್ಲಿನ ಮೋರಿಯ ಬಾಯಿ ಇತ್ತು. ಅಪ್ಪ ಅದರ ಚಪ್ಪಡಿಯನ್ನೂ ಮೀಟಿದ. ನೀರು ಗುಡುಗಿದ ಹಾಗೆ ಸದ್ದು ಮಾಡುತ್ತ ಆಚೆಗೆ ನುಗ್ಗಿತು. ಅಂಗಳದ ನೀರು ಕಣ್ಣೆದುರೇ ಇಳಿಯಿತು. ಬಾಗಿಲು ತೆರೆಯಿತು.

ಮಹಾದೇವಿ ಮಂಚದ ಮೇಲೆ ನಿಂತು ಕಿಟಕಿಯ ಸರಳು ಹಿಡಿದಿದ್ದಳು. ನಾವು ಹಿಡಿದು ಇಳಿಸಿದಾಗ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಆಟೋ ಸಿಗಲಿಲ್ಲ, ಗೋದಾಮಿನ ಟೆಂಪೋದಲ್ಲಿ ಆಸ್ಪತ್ರೆಗೆ ಕಳಿಸಿದೆವು.

ಜನ ಅಪ್ಪನ ಸುತ್ತ ಸೇರಿದ್ದರು. ಅಂಗೈ ಹರಿದು ರಕ್ತ ಬರುತ್ತಿತ್ತು. ಒಳ್ಳೇ ಕೆಲಸ ಮಾಡಿದಿರಿ ಎಂದು ಮುರಿಗೆಪ್ಪ ಟವೆಲ್ಲು ಕಟ್ಟುತ್ತಿದ್ದ. ನಾನು ಗೋಡೆಯ ತೂತನ್ನು ನೋಡುತ್ತ ನಿಂತಿದ್ದೆ. ನನ್ನ ಹೊಸ ಗೆರೆ ಹಾಯುವುದು ಅಲ್ಲೇ. ಅದನ್ನು ಅಪ್ಪನಿಗೆ ನಾನು ತೋರಿಸಿಲ್ಲ.

ಸೆಪ್ಟೆಂಬರ್ ೨೧

ಬೆಳಿಗ್ಗೆ ಅಪ್ಪನ ಎದುರು ಕುಳಿತೆ. ಅಮ್ಮ ಅವನ ಕೈಗೆ ಅರಿಶಿನ ಹಚ್ಚುತ್ತಿದ್ದಳು.

"ಮೋರಿ ಅಲ್ಲಿದೆ ಅಂತ ನಿನಗೆ ಹೇಗೆ ಗೊತ್ತಾಯ್ತು?"

"ನಾನೇ ಮುಚ್ಚಿದ್ದಲ್ವಾ" ಎಂದ. ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ ಅನ್ನಿಸಿತು.

"ಕಲ್ಲು?"

ಅವನು ಅಮ್ಮನ ಕಡೆ ನೋಡಿದ. "ವೆಂಕಟಮ್ಮ, ನೀನ್ ಒಳೀಕ್ ಓಗು."

ಅಮ್ಮ ಏಳಲಿಲ್ಲ.

"ನಾನೇ ಕೀಳ್ಸಿದ್ದು. ಟ್ರಾಕ್ಟ್ರಲ್ಲಿ. ಓದ್ ವರ್ಸ."

ಎಂದೋ ಮೂವತ್ತು ವರ್ಷದ ಹಿಂದೆ, ಕಾಲುವೆ ಮುಚ್ಚುವಾಗ ಎಂದುಕೊಂಡಿದ್ದೆ. ಹೋದ ವರ್ಷ ಎಂದರೆ ಅರ್ಥವಾಗಲಿಲ್ಲ. ಯಾಕೆ ಎಂದು ಕೇಳಿದೆ.

"ನೀನೇ ಏಳ್ದಲ್ಲವ್ವ. ಊಟಕ್ಕೆ ಕುಂತಿದ್ವಿ. ನಾಳಿದ್ದು ನಮ್ಮೂರ್ ಅಳ್ಯಾಕೆ ಬತ್ತೀವಿ, ಆ ಕಲ್ಲು ಎಲ್ಲೈತೋ ಅದ್ನೇ ಕಂಪ್ಯೂಟ್ರು ನಂಬೋದು, ಅದೊಂದೇ ಉಳ್ದಿರೋದು ಅಂದೆ. ನಾನ್ ಕೇಳ್ದೆ, ಅದು ಜರುಗ್ಬುಟ್ಟಿದ್ರೆ ಏನ್ ಆಗ್ತದೆ ಅಂತ. ನೀನ್ ನಕ್ಕೆ. ಊರೇ ಜರುಗ್ತದೆ ಅಂದೆ."

ಅಂದದ್ದು ನಿಜ. ನಕ್ಕದ್ದೂ ನೆನಪಿದೆ. ಮುದ್ದೆ ಮುರಿಯುತ್ತ, ಅಪ್ಪ ನನ್ನ ಕೆಲಸದ ಬಗ್ಗೆ ಇಷ್ಟು ಆಸೆಯಿಂದ ಕೇಳುತ್ತಿದ್ದಾನಲ್ಲ ಎಂದು ಖುಷಿಯಾಗಿ ಎಲ್ಲವನ್ನೂ ಬಿಡಿಸಿ ಹೇಳಿದ್ದೆ.

"ಹದಿನಾಕು ರೂಮು ಓದ್ರೆ ನಾನೇನ್ ಮಾಡ್ಲಿ? ಇರೋದೆಲ್ಲಾ ನಿಂಗೇ ಅಂತಾನೇ ಮಾಡ್ದೆ" ಎಂದ.

ಅಮ್ಮ ಅವನ ಕೈ ಬಿಟ್ಟು ಎದ್ದಳು. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋಗಿ, ರಸ್ತೆ ದಾಟಿ, ಚಿಕ್ಕಮ್ಮನ ಮನೆಯೊಳಗೆ ಹೋದಳು. ಮಧ್ಯಾಹ್ನದವರೆಗೂ ಬರಲಿಲ್ಲ.

ಸೆಪ್ಟೆಂಬರ್ ೨೨

ಏನೂ ಬರೆಯಲು ಆಗುತ್ತಿಲ್ಲ. ನಾನು ಹೇಳಿದೆ. ನಾನೇ ಹೇಳಿದೆ.

ಸೆಪ್ಟೆಂಬರ್ ೨೩

ಪತ್ರ ಕಳಿಸಿದೆ. ಹಳೆಯದಲ್ಲ, ಹೊಸದಾಗಿ ಬರೆದದ್ದು. ತಪ್ಪಿಗೆ ಕಾರಣ ಎಂಬ ಕಡೆ ಕಲ್ಲು ಕಿತ್ತು ನೆಟ್ಟವರು ನನ್ನ ತಂದೆ ಆಂಜಿನಪ್ಪ ಎಂದೂ, ಅಳತೆಯ ವಿಷಯವನ್ನು ಮೊದಲೇ ಅವರಿಗೆ ಹೇಳಿದ್ದು ನಾನೆಂದೂ, ನಾಲ್ಕನೆಯ ಗುರುತು ಹುಡುಕದೆ ನಕ್ಷೆ ಒಪ್ಪಿಸಿದ್ದು ನಾನೆಂದೂ ಬರೆದೆ. ಕಳಿಸುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಕೇಸಾಗುತ್ತದಾ ಎಂದು ಕೇಳಿದ. ಆಗಬಹುದು ಎಂದೆ.

ನಂದೀಶ್ ಸರ್ ಫೋನ್ ಮಾಡಿದರು. "ತಾಂತ್ರಿಕ ದೋಷ ಅಂತ ಎರಡು ಪದ ಬರೆದಿದ್ರೆ ಮುಗೀತಿತ್ತು ವನಜಾ." ನಾಳೆಯಿಂದ ಈ ಪ್ರಾಜೆಕ್ಟಿಗೆ ಬರಬೇಡ ಎಂದರು. ಸಿಟ್ಟು ಇರಲಿಲ್ಲ ದನಿಯಲ್ಲಿ, ಸುಸ್ತಾಗಿತ್ತು.

ಮಹಾದೇವಿಗೆ ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಸೆಪ್ಟೆಂಬರ್ ೨೬

ಚಿಕ್ಕಮ್ಮನ ಮನೆಗೆ ಹೋದೆ. ಎಲ್ಲವನ್ನೂ ಹೇಳಬೇಕೆಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಹೋಗಿದ್ದೆ. ಹೊಸಿಲ ಮೇಲೆ ಅಲಸಂದೆ ಕಾಯಿ ಬಿಡಿಸುತ್ತ ಕೂತಿದ್ದಳು. ಅಪ್ಪ ಕಲ್ಲು ಕೀಳಿಸಿದ್ದು ಎಂದು ನಾನು ಬಾಯಿ ಬಿಡುವ ಮೊದಲೇ, "ಗೊತ್ತು ಬುಡು" ಎಂದಳು.

"ಅಮ್ಮ ಹೇಳಿದ್ಲಾ?"

"ಅವ್ಳು ಈಗ ಏಳಿದ್ದು. ನಂಗೆ ಅವತ್ತೇ ಗೊತ್ತು. ತೋಪಿನಾಗೆ ಸೌದೆ ಆಯ್ತಿದ್ದೆ. ಟ್ರಾಕ್ಟ್ರು ಬಂದಿದ್ದೂ ನೋಡ್ದೆ, ಅಗ್ಗ ಕಟ್ಟಿದ್ದೂ ನೋಡ್ದೆ."

"ಮತ್ತೆ ನೋಟಿಸು ಹಿಡಿದುಕೊಂಡು ಬಂದಾಗ ಯಾಕೆ ಹೇಳಲಿಲ್ಲ ಚಿಕ್ಕಮ್ಮ?"

ಅವಳು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ ಮುಗಿಸಿದಳು.

"ಅವ್ನು ಕಲ್ಲು ಕೀಳ್ಸಿದ್ ಮಾರನೇ ದಿನ ನೀನು ಅದೇ ಕಲ್ಲಿನ ಮ್ಯಾಲೆ ಮಿಸಿನ್ ಇಟ್ಕೊಂಡು ನಿಂತಿದ್ದೆ. ಅಪ್ಪ ಮಗಳು ಸೇರ್ಕೊಂಡು ಮಾಡವ್ರೆ ಅಂದ್ಕೊಂಡಿದ್ದೆ. ಯಾರಿಗ್ ಏಳ್ಲಿ? ನಿಂಗೇ ಏಳ್ಲಾ?"

ಇಷ್ಟು ದಿನ ಅವಳು ನನ್ನನ್ನು ಏನೆಂದುಕೊಂಡು ನೋಡುತ್ತಿದ್ದಳು ಎಂಬುದು ನನಗೆ ಇವತ್ತಿನವರೆಗೂ ತಿಳಿದಿರಲಿಲ್ಲ. ಅವಳ ಪಕ್ಕದಲ್ಲಿ ಕುಳಿತೆ. ಹೋಗು ಅನ್ನಲಿಲ್ಲ. ನಾನೂ ಒಂದು ಹಿಡಿ ಕಾಯಿ ತೆಗೆದುಕೊಂಡೆ. ಬುಟ್ಟಿ ಖಾಲಿಯಾಗುವವರೆಗೆ ಇಬ್ಬರೂ ಬಿಡಿಸಿದೆವು.

ಅಕ್ಟೋಬರ್ ೫

ಬಸಕ್ಕನಿಗೆ ನಾನೇ ಹೋಗಿ ಹೇಳಿದೆ, ಗೆರೆ ಇಲ್ಲಿಗೆ ಬಂದಿದೆ ಎಂದು. ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಿದ್ದಳು.

"ಎರಡ ಸಲಾ ಎಬ್ಬಸ್ತೀರೇನ್ರಿ ಅಕ್ಕಾರ ನಮ್ಮನ್ನ? ಒಂದ ಸಲಾ ತಪ್ಪಿಗಿ, ಒಂದ ಸಲಾ ಸರೀಗಿ?"

ಕೂಸನ್ನು ಮಗುಚಿ ಬೆನ್ನಿಗೆ ಎಣ್ಣೆ ತಿಕ್ಕುತ್ತ ಅವಳೇ, "ಆದ್ರ ಇಲ್ಲಿ ಇರಾಕೂ ಆಗೂದಿಲ್ರಿ. ಮಳಿ ಬಂದ್ರ ಈ ಕೂಸಿನ ಎಲ್ಲಿ ಎತ್ತಿ ಹಿಡೀಲಿ?" ಎಂದಳು.

ಯೋಜನಾ ಕಚೇರಿಯಿಂದ ಕರೆ ಬಂದಿತ್ತು. ಜಂಟಿ ಅಳತೆ ಮಾಡುತ್ತಾರಂತೆ. ಒಡೆಯುವ ಮುಂಚೆ ಇರುವವರ ಪಟ್ಟಿ ಬೇಕು, ಅವರಿಗೆ ಜಾಗ ತೋರಿಸದೆ ಒಂದು ಇಟ್ಟಿಗೆಯನ್ನೂ ಮುಟ್ಟಬಾರದು ಎಂದು ಹೇಳಿದೆ. ಪಟ್ಟಿ ನಮ್ಮಲ್ಲಿ ಇಲ್ಲವಲ್ಲ ಎಂದರು. ನಿಜ. ನನ್ನ ನಕ್ಷೆಯಲ್ಲಿ ಬೀದಿದೀಪದ ಪದರ ಇದೆ, ಮರಗಳ ಪದರ ಇದೆ. ಮಾಡಿಕೊಡುತ್ತೇನೆ ಎಂದೆ.

ಅಕ್ಟೋಬರ್ ೧೨

ಬಸಕ್ಕ ನನ್ನ ಜೊತೆ ಬಾಗಿಲಿಂದ ಬಾಗಿಲಿಗೆ ಬಂದಳು. ಅವಳಿಲ್ಲದಿದ್ದರೆ ಯಾರೂ ನಿಜ ಹೇಳುತ್ತಿರಲಿಲ್ಲ. ಹಗಲು ಪಾಳಿಯವರು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವರು ಮಲಗುತ್ತಾರೆ, ಅವರನ್ನೂ ಬರೆಸಿದಳು. ಒಡೆದ ದಿನ ಊರಿಗೆ ಹೊರಟುಹೋದ ದೇವಕ್ಕ ಎಂಬವಳ ಸಂಸಾರವನ್ನೂ ಬರೆಯಿರಿ ಎಂದಳು. ಈಗ ಇಲ್ಲವಲ್ಲ ಎಂದರೆ, "ಇದ್ರಲ್ಲ ರೀ" ಎಂದಳು. ಬರೆದೆ.

ಹಳೇ ಹೊಲದಲ್ಲಿ, ರಸ್ತೆ ಕಡೆಗೆ, ಅಪ್ಪನದು ಎತ್ತರದ ಒಂದು ತುಂಡು ಜಾಗ ಇದೆ. ಕಾಂಪ್ಲೆಕ್ಸ್ ಕಟ್ಟಲು ಇಟ್ಟುಕೊಂಡದ್ದು. ಅಲ್ಲಿ ಮೊದಲು ರಾಮಕ್ಕನಿಗೆ ಒಂಬತ್ತು ರೂಮು ಏಳಬೇಕು, ಬಾಡಿಗೆಯವರೆಲ್ಲ ಅದಕ್ಕೆ ಹೋಗಬೇಕು, ಆಮೇಲೆ ಮಿಕ್ಕದ್ದು ಎಂದು ಅಮ್ಮ ಊಟ ಬಡಿಸುತ್ತ ಹೇಳಿದಳು. ಅಮ್ಮ ಆಸ್ತಿಯ ವಿಷಯ ಮಾತಾಡಿದ್ದನ್ನು ನಾನು ಕೇಳಿದ್ದು ಇದೇ ಮೊದಲು. ಅಪ್ಪ ತಟ್ಟೆಯಿಂದ ತಲೆ ಎತ್ತದೆ "ಊಂ" ಎಂದ.

ಅಕ್ಟೋಬರ್ ೩೦

ಜಂಟಿ ಅಳತೆ ಇವತ್ತು ಆಯಿತು. ಸರ್ಕಾರಿ ಸರ್ವೇಯರ್, ಯೋಜನಾ ಕಚೇರಿಯ ಇಬ್ಬರು, ಊರಿನವರು ಇಪ್ಪತ್ತು ಮೂವತ್ತು ಜನ. ಪ್ರಾಜೆಕ್ಟಿನಲ್ಲಿ ಇಲ್ಲದಿದ್ದರೂ ನನ್ನನ್ನು ಕರೆದಿದ್ದರು, ಹಳೆಯ ಅಳತೆ ನನ್ನದಾದ್ದರಿಂದ.

ಅಪ್ಪ ಬರುವುದಿಲ್ಲ ಎಂದುಕೊಂಡಿದ್ದೆ. ಒಗೆದ ಪಂಚೆ ಉಟ್ಟು ನಮಗಿಂತ ಮೊದಲೇ ತೋಪಿನ ಹತ್ತಿರ ನಿಂತಿದ್ದ. ಸರ್ವೇಯರ್ ಕೇಳುವ ಮೊದಲೇ ಎಲ್ಲರ ಮುಂದೆ, "ಕಲ್ಲು ಕೀಳ್ಸಿದ್ದು ನಾನು. ಜಾಗ ತೋರಿಸ್ತೀನಿ ಬನ್ನಿ" ಎಂದ. ಯಾರೋ ಹಿಂದಿನಿಂದ ನಕ್ಕರು. ಅಪ್ಪ ತಿರುಗಿ ನೋಡಲಿಲ್ಲ.

ಆ ತಗ್ಗನ್ನು ಮೊನ್ನೆ ಯಾರೋ ಲೇಔಟಿನವರು ಮಣ್ಣು ಸುರಿದು ಸಮ ಮಾಡಿದ್ದರು. ಗುರುತೇನೂ ಉಳಿದಿರಲಿಲ್ಲ. ಅಪ್ಪ ಕಾಂಗ್ರೆಸ್ ಗಿಡ ತುಳಿಯುತ್ತ ನಡೆದು ಹೋಗಿ ಒಂದು ಕಡೆ ನಿಂತು, ಕಾಲಿನಿಂದ ನೆಲ ತಟ್ಟಿದ.

"ಇಲ್ಲೇನಾ?" ಎಂದು ಸರ್ವೇಯರ್ ಕೇಳಿದರು.

"ಇಲ್ಲೇ ಸಾಮಿ."

ನಾನು ಅಳತೆ ಯಂತ್ರದ ಕೋಲನ್ನು ಅವನ ಕಾಲ ಬಳಿ ಊರಲು ಬಗ್ಗಿದೆ.

"ಅಲ್ಲಲ್ಲ."

ಚಿಕ್ಕಮ್ಮ. ಜನರ ಹಿಂದೆ ಎಲ್ಲೋ ನಿಂತಿದ್ದವಳು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಭಾವನ ಎದುರು ಅವಳು ನಿಂತು ಮಾತಾಡಿದ್ದನ್ನು ನಾನು ನೋಡಿಲ್ಲ, ಊರಿನಲ್ಲಿ ಯಾರೂ ನೋಡಿಲ್ಲ.

"ಇನ್ನೊಂದ್ ಮಾರು ಪಡುವಲಕ್ಕೆ ಜರುಗು ಬಾವ" ಎಂದಳು.

ಅಪ್ಪ ಅವಳನ್ನು ನೋಡಿದ, ಆಮೇಲೆ ತನ್ನ ಕಾಲನ್ನು ನೋಡಿಕೊಂಡ. ಮರೆತಿದ್ದನೋ, ಇಷ್ಟೆಲ್ಲ ಆದ ಮೇಲೂ ಒಂದು ಮಾರು ಉಳಿಸಿಕೊಳ್ಳಲು ನೋಡಿದನೋ, ನನಗೆ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ಒಂದು ದೊಡ್ಡ ಹೆಜ್ಜೆ ಪಡುವಣಕ್ಕೆ ಇಟ್ಟ.

"ಇನ್ನೊಂದ್ ಚೂರು" ಎಂದಳು ಚಿಕ್ಕಮ್ಮ.

ಇನ್ನೂ ಅರ್ಧ ಹೆಜ್ಜೆ ಸರಿದ.

"ಆಂ, ಅಲ್ಲೇ."

ಸರ್ವೇಯರ್ ನನ್ನ ಕಡೆ ನೋಡಿದರು. ಯಾವುದನ್ನು ಹಿಡಿಯೋಣ ಎಂಬ ಪ್ರಶ್ನೆ ಅದು. ನನ್ನ ಚೀಲದಲ್ಲಿ ಕಲ್ಲು ಎಲ್ಲಿರಬೇಕೆಂದು ಲೆಕ್ಕ ಹಾಕಿದ ಹಾಳೆ ಇತ್ತು, ತೆಗೆಯಲಿಲ್ಲ. ಚಿಕ್ಕಮ್ಮ ತೋರಿಸಿದ ಜಾಗದಿಂದ ಅಪ್ಪ ಕಾಲು ತೆಗೆದ ಮೇಲೆ ಅಲ್ಲೇ ಕೋಲು ಊರಿ, ಮಟ್ಟದ ಗುಳ್ಳೆ ನಡುವೆ ನಿಲ್ಲುವವರೆಗೆ ಹಿಡಿದುಕೊಂಡೆ. ಅಂಕಿಗಳು ನಿಂತವು. ನಮೂನೆಯಲ್ಲಿ ಸ್ಥಳ ತೋರಿಸಿದವರು ಎಂಬ ಕಡೆ ರಾಮಕ್ಕ ಎಂದು ಬರೆದು, ಅವಳಿಗೆ ಓದಿ ಹೇಳಿ, ಪೆನ್ನು ಅವಳ ಕೈಗೆ ಕೊಟ್ಟೆ.